ಗೆರೆಯಾಚೆ ಉರುಳಿದ ರಿಂಗು

ಮೊದಲು ಮೇಜಿನ ಮೇಲಿರುವ ಈ ರಿಂಗು ನೋಡಿ. ನಮ್ಮ ಶಾಲೆಗಳಲ್ಲಿ ಆಗಸ್ಟ್ 15ಕ್ಕೆ ಹೆಣ್ಣುಮಕ್ಕಳ ಕೈಗೆ ಕೊಟ್ಟು ಡ್ರಿಲ್ ಮಾಡಿಸುತ್ತೇವಲ್ಲ, ಹೆಚ್ಚುಕಮ್ಮಿ ಅಂಥದ್ದೇ. ಒಳಗಿನ ಅಗಲ 80ರಿಂದ 90 ಸೆಂಟಿಮೀಟರ್. ತೂಕ 300 ಗ್ರಾಂಗಿಂತ ಕಡಿಮೆ ಇರಬಾರದು. ಎತ್ತಿ ನೋಡಿ, ಏನೂ ಭಾರ ಇಲ್ಲ. ಆದರೆ ಕೈತಪ್ಪಿದರೆ ಇದು ಬಿದ್ದಲ್ಲೇ ಬಿದ್ದಿರುವ ವಸ್ತುವಲ್ಲ. ಅಂಚಿನ ಮೇಲೆ ನೆಟ್ಟಗೆ ನಿಂತು, ತನ್ನ ಪಾಡಿಗೆ ತಾನು ಉರುಳಿಕೊಂಡು ಹೊರಟುಬಿಡುತ್ತದೆ.

2000ನೇ ಇಸವಿ, ಸಿಡ್ನಿ ಒಲಿಂಪಿಕ್ಸ್. ರಿದಮಿಕ್ ಜಿಮ್ನಾಸ್ಟಿಕ್ಸ್ ಫೈನಲ್. ರಷ್ಯಾದ ಅಲೀನಾ ಕಬಾಯೆವಾಗೆ ಆಗ 17 ವರ್ಷ. ಚಿನ್ನ ಅವಳದ್ದೇ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಹಿಂದಿನ ವರ್ಷ ವಿಶ್ವ ಚಾಂಪಿಯನ್ ಆದವಳು ಬೇರೆ. ರಿಂಗಿನ ಆಟದಲ್ಲಿ ಅದು ಕೈಗೆ ಸಿಗಲಿಲ್ಲ. ಉರುಳಿ ಅಂಕಣದ ಗೆರೆ ದಾಟಿತು. ಅಲೀನಾ ಗೆರೆಯಾಚೆ ಓಡಿ, ಹಿಡಿದುಕೊಂಡು ಬಂದು, ಆಟ ಮುಂದುವರಿಸಿದಳು. ಎಲ್ಲ ಸೇರಿ ಕೆಲವೇ ಸೆಕೆಂಡುಗಳ ಸಂಗತಿ. ಚಿನ್ನ ಹೋಯಿತು, ಬೆಳ್ಳಿಯೂ ಹೋಯಿತು, ಉಳಿದದ್ದು ಕಂಚು.

ನಾನು ಬಹಳ ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ರಿಂಗು ಉರುಳಿ ಹೋದಾಗ ಒಂದು ಹುಡುಗಿಯ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ಒಮ್ಮೆ ಸ್ವಾತಂತ್ರ್ಯ ದಿನಾಚರಣೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ರಿಂಗು ಉರುಳಿ ಉರುಳಿ ವೇದಿಕೆಯ ಹತ್ತಿರ ಹೋಗಿ ಮಲಗಿತು. ಅವಳು ಬರಿಗೈಯಲ್ಲಿ ನಿಂತಳು. ಓಡಿಹೋಗಿ ತರಬೇಕೋ, ತಂದರೆ ಟೀಚರ್ ಬೈತಾರೋ, ಅವಳಿಗೆ ಗೊತ್ತಾಗಲಿಲ್ಲ. ನನ್ನ ಕಡೆ ನೋಡಿದಳು. ನಾನು ಕೈಸನ್ನೆ ಮಾಡಿದೆ: ಬರಿಗೈಯಲ್ಲೇ ಮಾಡು, ಸಾಲು ಕೆಡಿಸಬೇಡ. ಅವಳು ಹಾಗೇ ಮಾಡಿದಳು. ಇಲ್ಲದ ರಿಂಗನ್ನು ಎತ್ತಿದಳು, ಇಲ್ಲದ ರಿಂಗಿನೊಳಗೆ ತೂರಿದಳು. ಆಗ ನನಗೆ ಅವಳ ಶಿಸ್ತಿನ ಬಗ್ಗೆ ಹೆಮ್ಮೆ ಆಗಿತ್ತು. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಸಂಕಟ. ಅಲೀನಾಳ ಕಥೆ ಓದುತ್ತಾ ಓದುತ್ತಾ ಆ ಹುಡುಗಿ ನನಗೆ ಮತ್ತೆ ಮತ್ತೆ ನೆನಪಾಗಿದ್ದಾಳೆ.

ಈ ಆಟ ನಿಮ್ಮಲ್ಲಿ ಜಾಸ್ತಿ ಜನ ನೋಡಿರಲಿಕ್ಕಿಲ್ಲ. ಜಿಮ್ನಾಸ್ಟಿಕ್ಸ್ ಅಂದರೆ ನಮಗೆ ದೀಪಾ ಕರ್ಮಾಕರ್ ಓಡಿಬಂದು ಗಾಳಿಯಲ್ಲಿ ಪಲ್ಟಿ ಹೊಡೆಯುವುದು ಕಣ್ಣಿಗೆ ಬರುತ್ತದೆ. ಅದು ಬೇರೆ, ಇದು ಬೇರೆ. ಇಲ್ಲಿ 13 ಮೀಟರ್ ಉದ್ದ, 13 ಮೀಟರ್ ಅಗಲದ ಒಂದು ಚೌಕ. ಕೈಯಲ್ಲಿ ಒಂದು ವಸ್ತು: ರಿಂಗು, ಚೆಂಡು, ಒಂದು ಜೊತೆ ಕ್ಲಬ್ಬು ಅಂದರೆ ಗದೆಯಂಥ ಪುಟ್ಟ ಕೋಲು, ಇಲ್ಲವೇ ರಿಬ್ಬನ್ನು. ಒಂದೂಕಾಲು ನಿಮಿಷದಿಂದ ಒಂದೂವರೆ ನಿಮಿಷ ಸಂಗೀತಕ್ಕೆ ಸರಿಯಾಗಿ ಆಡಬೇಕು. ಎಸೆದದ್ದು ಎಲ್ಲಿ ಬೀಳುತ್ತದೆ ಅಂತ ನೋಡುವುದಕ್ಕೂ ಪುರುಸೊತ್ತಿಲ್ಲ. ಎಸೆದು, ಎರಡು ಸುತ್ತು ಉರುಳಿ ಎದ್ದು, ಬೆನ್ನ ಹಿಂದೆ ಹಿಡಿಯಬೇಕು. ರಿಬ್ಬನ್ನಿನ ಉದ್ದ 6 ಮೀಟರ್. ನಮ್ಮ ಸೀರೆಗಿಂತ ಸ್ವಲ್ಪ ಜಾಸ್ತಿಯೇ. ಅದರ ತುದಿ ನೆಲಕ್ಕೆ ತಾಗಿ ಸುಮ್ನೆ ಮಲಗಿದರೂ ಅಂಕ ಕಟ್. ಗಂಟು ಬಿದ್ದರಂತೂ ಮುಗಿದೇ ಹೋಯಿತು. ಒಲಿಂಪಿಕ್ಸ್‌ಗೆ ಈ ಆಟ ಬಂದದ್ದು 1984ರಲ್ಲಿ. ಅಲ್ಲಿ ಇವತ್ತಿಗೂ ಹೆಂಗಸರು ಮಾತ್ರ ಆಡುತ್ತಾರೆ.

ಅಲೀನಾ ಹುಟ್ಟಿದ್ದು 1983ರ ಮೇ 12ರಂದು, ತಾಷ್ಕೆಂಟಿನಲ್ಲಿ. ತಾಷ್ಕೆಂಟ್ ಅಂದ ಕೂಡಲೇ ನಮ್ಮ ಕಡೆಯ ಹಿರಿಯರಿಗೆ ಶಾಸ್ತ್ರಿಯವರು ನೆನಪಾಗುತ್ತಾರೆ. 1966ರ ಜನವರಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ತೀರಿಕೊಂಡದ್ದು ಅದೇ ಊರಿನಲ್ಲಿ. ಆಗ ಅದು ಸೋವಿಯತ್ ಒಕ್ಕೂಟದ ಊರು. ಅಲೀನಾ ಹುಟ್ಟಿದಾಗಲೂ ಹಾಗೇ ಇತ್ತು. ಅಪ್ಪ ಮರಾತ್ ಕಬಾಯೆವ್ ಫುಟ್ಬಾಲ್ ಆಟಗಾರ. ಅಮ್ಮ ಲ್ಯುಬೋವ್ ಬಾಸ್ಕೆಟ್‌ಬಾಲ್ ಆಡುತ್ತಿದ್ದವರು. ಮಗುವನ್ನು ಮೂರು-ನಾಲ್ಕು ವರ್ಷಕ್ಕೇ ಜಿಮ್ನಾಸ್ಟಿಕ್ಸ್‌ಗೆ ಹಾಕಿದರು. ಅವಳಿಗೆ ಎಂಟು ವರ್ಷ ಇದ್ದಾಗ ಸೋವಿಯತ್ ದೇಶವೇ ಇಲ್ಲವಾಯಿತು. ಉಜ್ಬೇಕಿಸ್ತಾನ ಬೇರೆ, ರಷ್ಯಾ ಬೇರೆ ಆದವು. ಒಳ್ಳೆಯ ಕೋಚುಗಳು ಒಬ್ಬೊಬ್ಬರಾಗಿ ಮಾಸ್ಕೋ ಕಡೆ ಹೊರಟರು.

ಹಾಗೆ ಹೊರಟವರಲ್ಲಿ ಇರೀನಾ ವೀನರ್ ಒಬ್ಬರು. ಸಮರ್‌ಕಂದ್‌ನಲ್ಲಿ ಹುಟ್ಟಿ, ತಾಷ್ಕೆಂಟಿನಲ್ಲಿ ಕೆಲಸ ಮಾಡಿದವರು. ಆಮೇಲೆ ರಷ್ಯಾದ ರಿದಮಿಕ್ ಜಿಮ್ನಾಸ್ಟಿಕ್ಸ್‌ನ ಮುಖ್ಯ ಕೋಚ್ ಆದರು. ಅಲೀನಾಗೆ ಹನ್ನೆರಡರ ಆಸುಪಾಸು ಇದ್ದಾಗ ಅಮ್ಮ ಅವಳನ್ನು ಕರೆದುಕೊಂಡು ಮಾಸ್ಕೋಗೆ ಹೋಗಿ, ವೀನರ್ ಮುಂದೆ ನಿಲ್ಲಿಸಿದರು. ಇಲ್ಲಿ ಸ್ವಲ್ಪ ನಿಲ್ಲೋಣ. ಮಗಳ ಆಟಕ್ಕಾಗಿ ಊರು ಬಿಟ್ಟು, ಹೊಸ ದೇಶವೇ ಆಗಿಬಿಟ್ಟ ನಾಡಿಗೆ ಹೋಗುವ ತಾಯಿ. ನಮ್ಮಲ್ಲೂ ಇಂಥ ತಾಯಂದಿರು ಇದ್ದಾರೆ. ಬೆಳಿಗ್ಗೆ ನಾಲ್ಕೂವರೆಗೆ ಮಗುವನ್ನು ಎಬ್ಬಿಸಿ, ಟಿಫಿನ್ ಕಟ್ಟಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸ್ಟೇಡಿಯಂಗೆ ಹೋಗುವವರು ಈ ಸಭೆಯಲ್ಲೇ ಇದ್ದೀರಿ. ನಿಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ವೀನರ್ ಕೈಗೆ ಸಿಕ್ಕ ಮೇಲೆ ಅಲೀನಾ ಬೆಳೆದ ವೇಗ ನೋಡಿ. 1996ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗೆ ಕಾಲಿಟ್ಟಳು. 1998ರಲ್ಲಿ, 15ನೇ ವಯಸ್ಸಿಗೆ, ಪೋರ್ಚುಗಲ್‌ನ ಪೋರ್ತೊದಲ್ಲಿ ಯುರೋಪಿನ ಚಾಂಪಿಯನ್. 1999ರಲ್ಲಿ ಜಪಾನಿನ ಒಸಾಕಾದಲ್ಲಿ ವಿಶ್ವ ಚಾಂಪಿಯನ್. ಅವಳ ಶಕ್ತಿ ಇದ್ದದ್ದು ಮೈಯ ಬಾಗುವಿಕೆಯಲ್ಲಿ. ಒಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲುತ್ತಾಳೆ. ಇನ್ನೊಂದು ಕಾಲು ಹಿಂದಿನಿಂದ ನೆಟ್ಟಗೆ ಮೇಲಕ್ಕೆ. ಸೊಂಟದಿಂದ ಮೇಲಿನ ಮೈ ಹಿಂದಕ್ಕೆ ಬಾಗುತ್ತದೆ. ಹಾಗೇ ನಿಂತು ಗಿರ್ರನೆ ಸುತ್ತುತ್ತಾಳೆ. ಇಷ್ಟೆಲ್ಲ ಆಗುವಾಗ ಮುಖದ ಮೇಲೊಂದು ನಗು. ಅದು ಅಂಟಿಸಿಕೊಂಡ ನಗುವಲ್ಲ. ಆಟದ ಖುಷಿ ಅವಳಿಗೆ ನಿಜವಾಗಿ ಇತ್ತು ಅಂತ ನಾನು ನಂಬುತ್ತೇನೆ. ಹಳೆಯ ವಿಡಿಯೊಗಳನ್ನು ನೋಡಿದರೆ ನಿಮಗೂ ಹಾಗೇ ಅನ್ನಿಸೀತು. ಈ ಆಟದ ನೆಲೆಯೇ ಬ್ಯಾಲೆ ಅಂತ ತಿಳಿದವರಿಗೆ ಇಷ್ಟೊಂದು ಬಳುಕಾಟ ಹಿಡಿಸಲಿಲ್ಲ. ಆದರೆ ಮುಂದಿನ ಹಲವು ವರ್ಷ ಎಲ್ಲ ದೇಶದ ಹುಡುಗಿಯರೂ ಅವಳ ಹಾಗೇ ಬಾಗಲು ಹೊರಟರು.

ಈಗ ಸಿಡ್ನಿಗೆ ವಾಪಸ್ ಬರೋಣ. ಚಿನ್ನ ಗೆದ್ದದ್ದು ಯೂಲಿಯಾ ಬರ್ಸುಕೋವಾ, ಅವಳೂ ರಷ್ಯಾದವಳೇ, ಅವಳ ಕೋಚ್ ಕೂಡ ವೀನರ್ ಅವರೇ. ಬರ್ಸುಕೋವಾಗೆ 39.632. ಬೆಲಾರೂಸಿನ ಯೂಲಿಯಾ ರಾಸ್ಕಿನಾಗೆ 39.548. ಅಲೀನಾಗೆ 39.466. ಚಿನ್ನಕ್ಕೂ ಕಂಚಿಗೂ ನಡುವೆ ಇದ್ದದ್ದು 0.166. ದಯವಿಟ್ಟು ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ. ಒಂದು ಪಾಯಿಂಟಿನ ಆರನೇ ಒಂದು ಪಾಲು. ಅಂಕಣದ ಒಳಗೆ ಒಂದು ತಪ್ಪು ಆದರೆ ಅದಕ್ಕೊಂದು ಬೆಲೆ ಇದೆ. ಅದನ್ನು ಕೊಟ್ಟೇ ತೀರಬೇಕು. ನೀನು ಯಾರ ಶಿಷ್ಯೆ, ಯಾವ ದೇಶದವಳು, ಹಿಂದೆ ಏನು ಗೆದ್ದಿದ್ದೀ ಅಂತ ರಿಂಗು ಕೇಳುವುದಿಲ್ಲ. ಈ ಆಟದಲ್ಲಿ ತೀರ್ಪುಗಾರರ ಪಕ್ಷಪಾತದ ದೂರುಗಳು ಬೇಕಾದಷ್ಟು ಇವೆ, ನನಗೂ ಗೊತ್ತು. ಆದರೂ ಗೆರೆ ದಾಟಿದ ರಿಂಗನ್ನು ಇಡೀ ಲೋಕವೇ ನೋಡಿತು. ಅದನ್ನು ಮುಚ್ಚಿಡುವ ಹಾಗಿರಲಿಲ್ಲ.

ಮುಂದಿನ ವರ್ಷ ಇನ್ನೂ ಕೆಟ್ಟದ್ದಾಯಿತು. 2001ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಗುಡ್‌ವಿಲ್ ಗೇಮ್ಸ್ ಎಂಬ ಅಂತರರಾಷ್ಟ್ರೀಯ ಕ್ರೀಡಾಕೂಟ. ಅಲ್ಲಿನ ಪರೀಕ್ಷೆಯಲ್ಲಿ ಅಲೀನಾ ಮತ್ತು ಅವಳ ಜೊತೆಗಾತಿ ಇರೀನಾ ಚಾಶ್ಚಿನಾ, ಇಬ್ಬರ ಮೈಯಲ್ಲೂ ಫ್ಯೂರೊಸೆಮೈಡ್ ಸಿಕ್ಕಿತು. ಹೆಸರು ಕೇಳಿ ಗಾಬರಿಯಾಗಬೇಡಿ, ನಮ್ಮ ಎಷ್ಟೋ ಮನೆಗಳಲ್ಲಿ ಈ ಮಾತ್ರೆ ಇದೆ. ಹೃದಯದ ತೊಂದರೆ ಇರುವವರಿಗೆ ಕಾಲು ಊದಿಕೊಂಡರೆ ನೀರು ಇಳಿಯಲಿ ಅಂತ ಡಾಕ್ಟರು ಬರೆದುಕೊಡುವ ಲ್ಯಾಸಿಕ್ಸ್ ಇದೆಯಲ್ಲ, ಅದೇ. ಕ್ರೀಡೆಯಲ್ಲಿ ಇದಕ್ಕೆ ನಿಷೇಧ ಯಾಕೆ? ಮೈಯ ನೀರು ಹೊರಹಾಕಿ ಗಬಕ್ಕನೆ ತೂಕ ಇಳಿಸುತ್ತದೆ. ಬೇರೆ ಔಷಧ ತೆಗೆದುಕೊಂಡಿದ್ದರೆ ಅದರ ಸುಳಿವೂ ಮೂತ್ರದಲ್ಲಿ ತೆಳ್ಳಗಾಗಿಬಿಡುತ್ತದೆ. ವೀನರ್ ಹೇಳಿದ್ದು ಹೀಗೆ: ಹುಡುಗಿಯರು ಮುಟ್ಟಿನ ಮುಂಚಿನ ತೊಂದರೆಗೆ ಒಂದು ಪೂರಕ ಆಹಾರ ತೆಗೆದುಕೊಳ್ಳುತ್ತಿದ್ದರು, ಅದರಲ್ಲಿ ಇದು ಸೇರಿತ್ತು. ಅಂತರರಾಷ್ಟ್ರೀಯ ಫೆಡರೇಷನ್ ಒಪ್ಪಲಿಲ್ಲ. ಗುಡ್‌ವಿಲ್ ಪದಕಗಳೂ ಹೋದವು, ಆ ವರ್ಷ ಮ್ಯಾಡ್ರಿಡ್‌ನಲ್ಲಿ ಗೆದ್ದ ವಿಶ್ವ ಚಾಂಪಿಯನ್ ಪಟ್ಟವೂ ಹೋಯಿತು. ಆ ಪಟ್ಟ ಉಕ್ರೇನಿನ ತಮಾರಾ ಯೆರೊಫೆಯೆವಾ ಪಾಲಾಯಿತು. ಹುಡುಗಿಯರಿಗೆ ಒಂದು ವರ್ಷ ನಿಷೇಧ.

ಆಗ ಅಲೀನಾಗೆ 18 ವರ್ಷ. ಮೂರು-ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಯಾರೋ ಹೇಳಿದಾಗ ಎದ್ದು, ಕೊಟ್ಟದ್ದನ್ನು ತಿಂದು, ತೂಕ ನೋಡಿಸಿಕೊಂಡು ಬೆಳೆದವಳು. ಇಂಥವಳು ಕೋಚಿಗೆ ಗೊತ್ತಿರುವ ಒಂದು ಮಾತ್ರೆಯನ್ನು ಕಂಡು "ಇದು ಯಾಕೆ" ಅಂತ ಕೇಳುವುದು ಎಷ್ಟು ಕಷ್ಟ, ಅಲ್ವಾ? ನಾನು ಅವಳ ತಪ್ಪನ್ನು ಹಗುರ ಮಾಡುತ್ತಿಲ್ಲ. ಶಿಕ್ಷೆ ನ್ಯಾಯವಾದದ್ದೇ. ಆದರೆ ಮಕ್ಕಳಿಗೆ ಆಟ ಕಲಿಸುವ ನಾವೆಲ್ಲ ನಮ್ಮನ್ನೇ ಕೇಳಿಕೊಳ್ಳಬೇಕಾದ ಮಾತು ಇದು. ಬಾಗುವುದನ್ನು ಕಲಿಸುತ್ತೇವೆ, ಎಗರುವುದನ್ನು ಕಲಿಸುತ್ತೇವೆ. "ಯಾಕೆ ಟೀಚರ್?" ಅಂತ ಕೇಳುವುದನ್ನು ಕಲಿಸಿದ್ದೇವಾ?

ನಿಷೇಧ ಮುಗಿಸಿ ಬಂದವಳು 2003ರಲ್ಲಿ ಬುಡಾಪೆಸ್ಟಿನಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದಳು. 2004ರಲ್ಲಿ ಅಥೆನ್ಸ್. ಸಿಡ್ನಿಯಲ್ಲಿ ಕೈಕೊಟ್ಟ ರಿಂಗೂ ಅಲ್ಲಿತ್ತು. ಅದರ ಜೊತೆಗೆ ಚೆಂಡು, ಕ್ಲಬ್ಬು, ರಿಬ್ಬನ್ನು. ಅಂಕದ ಲೆಕ್ಕ ಅಷ್ಟರಲ್ಲಿ ಬದಲಾಗಿತ್ತು. ಅಲೀನಾಗೆ 108.400, ಚಾಶ್ಚಿನಾಗೆ 107.325, ಉಕ್ರೇನಿನ ಆನಾ ಬೆಸ್ಸೊನೋವಾಗೆ 106.700. ಈ ಸಲ ದಶಾಂಶದ ಜಗಳವೇ ಇಲ್ಲ, ಒಂದು ಪಾಯಿಂಟಿಗೂ ಮೀರಿದ ಅಂತರ. ಇಷ್ಟು ದೊಡ್ಡ ಸಭೆಯ ಮುಂದೆ ಸೋತ ವಸ್ತುವನ್ನೇ ನಾಲ್ಕು ವರ್ಷ ಬಿಟ್ಟು ಅಷ್ಟೇ ದೊಡ್ಡ ಸಭೆಯಲ್ಲಿ ಮತ್ತೆ ಎಸೆಯಬೇಕಲ್ಲ, ಆ ಎದೆಗಾರಿಕೆಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಅದೇ ಅಥೆನ್ಸ್‌ನಲ್ಲಿ ನಮಗೆ ಸಿಕ್ಕದ್ದು ಒಂದೇ ಒಂದು ಪದಕ. ಶೂಟಿಂಗ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಅವರ ಬೆಳ್ಳಿ. ಹತ್ತು ವರ್ಷ ಕಳೆದು, 2014ರಲ್ಲಿ ಅವರು ಜೈಪುರ ಗ್ರಾಮಾಂತರದಿಂದ ಲೋಕಸಭೆಗೆ ಗೆದ್ದರು. 2017ರಲ್ಲಿ ಕ್ರೀಡಾ ಮಂತ್ರಿಯೂ ಆದರು. ಸಚಿನ್, ಮೇರಿ ಕೋಮ್, ಪಿ.ಟಿ. ಉಷಾ ರಾಜ್ಯಸಭೆಗೆ ನಾಮಕರಣವಾಗಿ ಹೋದರು. ಹಾಗಾಗಿ ಆಟಗಾರರು ರಾಜಕೀಯಕ್ಕೆ ಬರುವುದು ನಮಗೇನೂ ಹೊಸದಲ್ಲ. ಬರಬಾರದು ಅಂತಲೂ ನಾನು ಹೇಳುವುದಿಲ್ಲ. ಹೇಗೆ ಬರುತ್ತಾರೆ, ಬಂದ ಮೇಲೆ ಅವರನ್ನು ಯಾರು ಪ್ರಶ್ನೆ ಮಾಡಬಹುದು, ಅದು ಮುಖ್ಯ. ರಾಥೋಡ್ ಗೆದ್ದದ್ದು ಒಂದು ಕ್ಷೇತ್ರದಿಂದ. ಆ ಕ್ಷೇತ್ರದ ಜನಕ್ಕೆ ಬೇಡ ಅನ್ನಿಸಿದರೆ ಸೋಲಿಸುವ ದಾರಿ ಇದೆ.

ಅಲೀನಾ ಹೋದ ದಾರಿ ನೋಡಿ. 2007ರ ಡಿಸೆಂಬರ್‌ನಲ್ಲಿ ರಷ್ಯಾದ ಸಂಸತ್ತು ಡೂಮಾಗೆ ಚುನಾವಣೆ ನಡೆಯಿತು. ಒಟ್ಟು 450 ಸ್ಥಾನ. ಆ ಸಲ ಕ್ಷೇತ್ರಗಳೇ ಇರಲಿಲ್ಲ. ಮತದಾರ ಪಕ್ಷಕ್ಕೆ ಮತ ಹಾಕಬೇಕು, ಪಕ್ಷ ತನ್ನ ಪಟ್ಟಿಯಲ್ಲಿರುವವರನ್ನು ಕಳಿಸುತ್ತದೆ. ಶೇ. 7ಕ್ಕಿಂತ ಕಡಿಮೆ ಮತ ಬಿದ್ದ ಪಕ್ಷಕ್ಕೆ ಸ್ಥಾನವೇ ಇಲ್ಲ. ಆಳುವ ಯುನೈಟೆಡ್ ರಷ್ಯಾ ಪಕ್ಷದ ಪಟ್ಟಿಯ ನೆತ್ತಿಯ ಮೇಲೆ ಇದ್ದದ್ದು ಒಂದೇ ಹೆಸರು: ವ್ಲಾದಿಮಿರ್ ಪುತಿನ್. ಪಕ್ಷಕ್ಕೆ 315 ಸ್ಥಾನ ಬಂತು. ಆ ಪಕ್ಷದ ಸಾಲಿನಲ್ಲಿ ಅಲೀನಾ ಡೂಮಾದೊಳಗೆ ಹೋದಳು. ಅವಳ ಜೊತೆಗೇ ಜಿಮ್ನಾಸ್ಟ್ ಸ್ವೆತ್ಲಾನಾ ಖೋರ್ಕಿನಾ, ಐಸ್ ಮೇಲಿನ ಓಟದ ಚಾಂಪಿಯನ್ ಸ್ವೆತ್ಲಾನಾ ಝುರೋವಾ ಕೂಡ.

ಅಂದರೆ ಏನಾಯಿತು? ಯಾವ ಊರಿನವರೂ "ನಮ್ಮ ಎಂ.ಪಿ. ಎಲ್ಲಿ?" ಅಂತ ಕೇಳುವ ಹಾಗಿಲ್ಲ. ಹೆಸರು ಬರೆದವರೇ ಹೆಸರು ಅಳಿಸಬಲ್ಲವರು. ಆಗ ಅವಳಿಗೆ 24 ವರ್ಷ. ಚಿಕ್ಕಂದಿನಿಂದ ಅಭ್ಯಾಸವಾಗಿದ್ದ ಏರ್ಪಾಡೇ ಇದು. ಮೇಲೆ ಒಬ್ಬರು ಇರುತ್ತಾರೆ, ಯಾರು ಆಡಬೇಕು ಅಂತ ಅವರು ಪಟ್ಟಿ ಮಾಡುತ್ತಾರೆ, ಪಟ್ಟಿಯಲ್ಲಿದ್ದವರು ಚೆನ್ನಾಗಿ ಆಡಬೇಕು. ಒಂದೇ ವ್ಯತ್ಯಾಸ. ಇಲ್ಲಿ ರಿಂಗು ಗೆರೆ ದಾಟಿದರೆ ಅಂಕ ಕತ್ತರಿಸುವವರು ಇಲ್ಲ. 0.166 ನೆನಪಿದೆಯಲ್ಲ? ಆ ಲೆಕ್ಕ ಇಡುವವರು ಇಲ್ಲಿ ಯಾರೂ ಇಲ್ಲ.

ಅವಳು ಒಳ್ಳೆಯದೇನೂ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. ತನ್ನ ಹೆಸರಿನಲ್ಲಿ ಒಂದು ದತ್ತಿ ಸಂಸ್ಥೆ ಮಾಡಿದಳು. ಮಕ್ಕಳ ಜಿಮ್ನಾಸ್ಟಿಕ್ಸ್‌ಗಾಗಿ "ಅಲೀನಾ" ಎಂಬ ಹಬ್ಬ ನಡೆಸಿದಳು. ನೂರಾರು ಪುಟಾಣಿಗಳು ದೊಡ್ಡ ವೇದಿಕೆಯ ಮೇಲೆ ಕುಣಿದರು. ಡೂಮಾದಲ್ಲೂ ಅವಳ ಕೆಲಸ ಇದ್ದದ್ದು ಯುವಜನರ ಸಮಿತಿಯಲ್ಲಿ. ಮಕ್ಕಳು, ಯುವಕರು, ಆಟ. ಇದು ಅವಳಿಗೆ ನಿಜವಾಗಿ ಪ್ರೀತಿಯ ವಿಷಯ ಅಂತಲೇ ಇಟ್ಟುಕೊಳ್ಳೋಣ.

ಅದಕ್ಕೇ ಮುಂದಿನ ಸಂಗತಿ ನನ್ನನ್ನು ಜಾಸ್ತಿ ಕಾಡುತ್ತದೆ. 2012ರ ಡಿಸೆಂಬರ್. ರಷ್ಯಾದ ಕೆಲವು ಅಧಿಕಾರಿಗಳ ಮೇಲೆ ನಿರ್ಬಂಧ ಹೇರುವ ಒಂದು ಕಾನೂನನ್ನು ಅಮೆರಿಕ ಮಾಡಿತು. ಅದಕ್ಕೆ ಉತ್ತರವಾಗಿ ಡೂಮಾ ಒಂದು ಕಾನೂನು ತಂದಿತು: ಇನ್ನು ಮುಂದೆ ಅಮೆರಿಕದವರು ರಷ್ಯಾದ ಮಕ್ಕಳನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಕಾನೂನಿಗೆ ದೀಮಾ ಯಾಕೊವ್ಲೆವ್ ಎಂಬ ಮಗುವಿನ ಹೆಸರಿಟ್ಟರು. ರಷ್ಯಾದಿಂದ ಅಮೆರಿಕಕ್ಕೆ ದತ್ತು ಹೋಗಿದ್ದ ಆ ಕೂಸು 2008ರಲ್ಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಂಟೆಗಟ್ಟಲೆ ಉಳಿದು ಸತ್ತಿತ್ತು. ಘೋರ ಸಾವು, ನಿಜ. ಆದರೆ ಎರಡು ಸರ್ಕಾರಗಳ ಜಗಳದಲ್ಲಿ ಸಿಕ್ಕಿಬಿದ್ದದ್ದು ಅನಾಥಾಲಯಗಳಲ್ಲಿ ಅಪ್ಪ-ಅಮ್ಮನಿಗಾಗಿ ಕಾಯುತ್ತಿದ್ದ ಮಕ್ಕಳು. ಅವರಲ್ಲಿ ಕಾಯಿಲೆಯವರು, ಅಂಗವಿಕಲರೂ ಇದ್ದರು. ಮಾಸ್ಕೋದಲ್ಲಿ ಸಾವಿರಾರು ಜನ ಚಳಿಯಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಡೂಮಾದಲ್ಲಿ ಪರವಾಗಿ ಬಿದ್ದ ಮತ 420, ವಿರೋಧ 7. ಮಕ್ಕಳಿಗಾಗಿ ದತ್ತಿ ಸಂಸ್ಥೆ ನಡೆಸುತ್ತಿದ್ದ ಅಲೀನಾಳ ಮತವೂ ಆ 420ರಲ್ಲಿ ಇತ್ತು.

ಆ ಏಳು ಜನರ ಬಗ್ಗೆ ಯೋಚಿಸಿ. ಬೇಡ ಅನ್ನುವುದು ಕಷ್ಟ, ಆದರೆ ಆಗದ ಕೆಲಸವೇನೂ ಆಗಿರಲಿಲ್ಲ. ಸಿಡ್ನಿಯಲ್ಲಿ 17 ವರ್ಷದ ಹುಡುಗಿ ಎಲ್ಲರ ಕಣ್ಣೆದುರೇ ಗೆರೆ ದಾಟಿ ಓಡಿ, ತನ್ನ ರಿಂಗನ್ನು ತಾನೇ ಎತ್ತಿಕೊಂಡು ಬಂದಿದ್ದಳು. 29 ವರ್ಷದ ಸಂಸದೆ ಗೆರೆ ದಾಟಲಿಲ್ಲ. ನನ್ನ ಬೇಸರ ಇಷ್ಟೇ.

2014ರ ಫೆಬ್ರವರಿ, ಸೋಚಿ ಚಳಿಗಾಲದ ಒಲಿಂಪಿಕ್ಸ್. ಉದ್ಘಾಟನೆಯ ರಾತ್ರಿ ಕ್ರೀಡಾಂಗಣದ ಒಳಗೆ ಜ್ಯೋತಿ ಹಿಡಿದು ಓಡಿದವರು ಆರು ಜನ. ಟೆನಿಸ್‌ನ ಶರಪೋವಾ, ಪೋಲ್‌ವಾಲ್ಟ್‌ನ ಇಸಿನ್ಬಾಯೆವಾ, ಕುಸ್ತಿಯ ಕರೇಲಿನ್, ನಮ್ಮ ಅಲೀನಾ, ಫಿಗರ್ ಸ್ಕೇಟಿಂಗ್‌ನ ರೊದ್ನಿನಾ, ಐಸ್ ಹಾಕಿಯ ತ್ರೆತ್ಯಾಕ್. ಈ ಆರರಲ್ಲಿ ಕರೇಲಿನ್, ಅಲೀನಾ, ರೊದ್ನಿನಾ, ತ್ರೆತ್ಯಾಕ್, ನಾಲ್ವರು ಡೂಮಾಕ್ಕೆ ಹೋದವರು, ನಾಲ್ವರೂ ಯುನೈಟೆಡ್ ರಷ್ಯಾದವರು. ಆ ದೃಶ್ಯವನ್ನು ಮತ್ತೆ ನೋಡುವಾಗ ಇದು ಮನಸ್ಸಿನಲ್ಲಿರಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲೀನಾ ಡೂಮಾ ಬಿಟ್ಟು, ನ್ಯಾಷನಲ್ ಮೀಡಿಯಾ ಗ್ರೂಪ್ ಎಂಬ ದೊಡ್ಡ ಮಾಧ್ಯಮ ಸಂಸ್ಥೆಯ ನಿರ್ದೇಶಕ ಮಂಡಳಿಯ ಅಧ್ಯಕ್ಷೆಯಾದಳು. ಅಂಕಣ, ಸಂಸತ್ತು, ಆಮೇಲೆ ಟಿ.ವಿ.

ನಿಮ್ಮಲ್ಲಿ ಕೆಲವರು ಇನ್ನೊಂದು ವಿಷಯಕ್ಕೆ ಕಾಯುತ್ತಿದ್ದೀರಿ. ಆಕೆಗೂ ಪುತಿನ್‌ಗೂ ಸಂಬಂಧ ಇದೆ ಎಂಬ ಮಾತು. ಅವರ ಖಾಸಗಿ ಬದುಕು ನನ್ನ ವಿಷಯವಲ್ಲ. ಆದರೆ ಪತ್ರಿಕೆಗೆ ಏನಾಯಿತು ಅನ್ನುವುದು ಸಾರ್ವಜನಿಕ ಸಂಗತಿ, ಅಷ್ಟನ್ನು ಹೇಳುತ್ತೇನೆ. 2008ರ ಏಪ್ರಿಲ್‌ನಲ್ಲಿ ಮಾಸ್ಕೋದ ಒಂದು ಸಣ್ಣ ಪತ್ರಿಕೆ ಈ ಸುದ್ದಿ ಹಾಕಿತು. ಪುತಿನ್ ಅದು ಸುಳ್ಳು ಅಂದರು. ಕೆಲವೇ ದಿನಗಳಲ್ಲಿ ಪತ್ರಿಕೆ ನಿಂತುಹೋಯಿತು.

ಕೊನೆಯದಾಗಿ 2022. ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋಯಿತು. ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ರಷ್ಯಾದ ಆಟಗಾರರನ್ನು ಹೊರಗಿಟ್ಟಿತು. ಮೇ ತಿಂಗಳಲ್ಲಿ ಬ್ರಿಟನ್, ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟ, ಆಗಸ್ಟ್‌ನಲ್ಲಿ ಅಮೆರಿಕ ಅಲೀನಾ ಮೇಲೆ ನಿರ್ಬಂಧ ಹಾಕಿದವು. ಸರ್ಕಾರದ ಪ್ರಚಾರ ಮಾಡುವ ಮಾಧ್ಯಮಗಳ ಒಡೆತನದ ಸಂಸ್ಥೆಗೆ ಮುಖ್ಯಸ್ಥೆ ಎನ್ನುವುದು ಯುರೋಪಿಯನ್ ಒಕ್ಕೂಟ ಕೊಟ್ಟ ಕಾರಣ. ಇನ್ನು ಆ ಉಕ್ರೇನ್ ಯಾವುದು? ಅಥೆನ್ಸ್‌ನಲ್ಲಿ ಅವಳ ಜೊತೆ ಪದಕದ ಕಟ್ಟೆಯ ಮೇಲೆ ನಿಂತಿದ್ದ ಬೆಸ್ಸೊನೋವಾಳ ದೇಶ. 2004ರ ಯುರೋಪಿಯನ್ ಚಾಂಪಿಯನ್‌ಷಿಪ್ ಅಲೀನಾ ಗೆದ್ದದ್ದು ಅದರ ರಾಜಧಾನಿ ಕೀವ್‌ನಲ್ಲೇ.

2022ರ ಅದೇ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲಿ "ಅಲೀನಾ" ಹಬ್ಬ ನಡೆಯಿತು. ವೇದಿಕೆಯ ಹಿಂದಿನ ಪರದೆಯ ಮೇಲೆ ಯುದ್ಧದ ಗುರುತಾದ ಝಡ್ ಅಕ್ಷರ. ಅಲೀನಾ ಮೈಕ್ ಹಿಡಿದು ಮಾತಾಡಿದಳು. ಪ್ರತಿ ಮನೆಯಲ್ಲೂ ಒಂದು ಯುದ್ಧದ ಕಥೆ ಇದೆ, ಅದನ್ನು ಮುಂದಿನ ತಲೆಮಾರಿಗೆ ದಾಟಿಸಬೇಕು ಎಂಬ ಅರ್ಥದ ಮಾತು. ಆ ಪರದೆಯ ಮುಂದೆ ಪುಟ್ಟ ಹುಡುಗಿಯರು ಆಡಿದರು. ಅವರಲ್ಲಿ ಕೆಲವರಿಗೆ, ತಾಷ್ಕೆಂಟಿನಲ್ಲಿ ಮೊದಲ ಸಲ ರಿಂಗು ಹಿಡಿದಾಗ ಅಲೀನಾಗೆ ಎಷ್ಟಿತ್ತೋ ಅದಕ್ಕಿಂತ ಸ್ವಲ್ಪವೇ ಜಾಸ್ತಿ ವಯಸ್ಸು.